ಒಂದೇ ಹೆಸರಿನ ಮೂರು ಕಾರ್ಡು

ಬನಹಟ್ಟಿಯ ನಮ್ಮ ಆರೋಗ್ಯ ಕೇಂದ್ರದಲ್ಲಿ ಬಿಪಿ ಮತ್ತು ಸಕ್ಕರೆ ಕಾಯಿಲೆಯವರನ್ನು ನೋಡಿಕೊಳ್ಳುವ ನರ್ಸ್ ನಾನು. ಗುಳಿಗೆ ಒಯ್ಯಲು ತಪ್ಪದೆ ಬಂದವರ ಹೆಸರಿನ ಮುಂದೆ ಹಸಿರು ಪೆನ್ನಿನಲ್ಲಿ ಗೆರೆ ಎಳೆಯುವುದು, ತಪ್ಪಿಸಿದವರಿಗೆ ಕೆಂಪು ಗೆರೆ ಎಳೆದು ಫೋನು ಹಚ್ಚಿ ಬೈಯುವುದು ನನ್ನ ಪದ್ಧತಿ. ಆ ರಿಜಿಸ್ಟರಿನಲ್ಲಿ ಒಂದೇ ಒಂದು ಸಾಲು ಮೊದಲಿನಿಂದ ಕೊನೆಯವರೆಗೆ ಹಸಿರಾಗಿತ್ತು. ಅದು ನೇಕಾರರ ಓಣಿಯ ಒಬ್ಬ ಹಿರಿಯ ಹೆಣ್ಣುಮಗಳದು. ಎಪ್ಪತ್ತು ದಾಟಿದ ವಯಸ್ಸು, ಸಣಕಲು ಮೈ, ಚುರುಕು ಕಣ್ಣು. ನಾವೆಲ್ಲ ಆಕೆಯನ್ನು ಆಯಿ ಎಂದು ಕರೆಯುತ್ತಿದ್ದೆವು. ಗುಳಿಗೆ ತಪ್ಪಿಸುವ ಗಂಡಸರನ್ನು ಬೆಂಚಿನ ಮೇಲೆ ಕೂರಿಸಿ, "ಈ ಆಯಿನ್ನ ನೋಡಿ ಕಲೀರಿ" ಎಂದು ಎಷ್ಟು ಸಲ ಹೇಳಿದ್ದೆನೋ ಲೆಕ್ಕವಿಲ್ಲ.

ತೊಂದರೆ ಒಂದೇ. ಆಯಿಯ ಬಿಪಿ ಇಳಿಯುತ್ತಿರಲಿಲ್ಲ.

ಬಂದಾಗಲೆಲ್ಲ ನೂರಾ ಎಂಬತ್ತರ ಆಸುಪಾಸು. ಒಂದು ಗುಳಿಗೆಯಿಂದ ಶುರುವಾಗಿ ಎರಡನೆಯದೂ ಸೇರಿತು. ಡಾಕ್ಟರ್ ಮೇಡಂ ಉಪ್ಪು ಕಡಿಮೆ ಮಾಡಿಸಿದರು, ಉಪ್ಪಿನಕಾಯಿ ಹಪ್ಪಳ ಬಿಡಿಸಿದರು, ಕಿಡ್ನಿ ಕೆಟ್ಟಿದೆಯೇನೋ ಎಂದು ರಕ್ತ ಮೂತ್ರ ಎರಡೂ ಪರೀಕ್ಷೆ ಮಾಡಿಸಿದರು. ಎಲ್ಲ ಸರಿಯಾಗಿತ್ತು. ಯಂತ್ರದ ಪಟ್ಟಿ ಆಕೆಯ ತೆಳ್ಳನೆಯ ತೋಳಿಗೆ ಸಡಿಲಾಗುತ್ತಿರಬಹುದೆಂದು ನಾನು ಸಣ್ಣ ಪಟ್ಟಿ ತರಿಸಿದೆ. ಹತ್ತು ನಿಮಿಷ ಸುಮ್ಮನೆ ಕೂರಿಸಿ, ಎರಡೂ ತೋಳಿಗೆ ಕಟ್ಟಿ ನೋಡಿದೆ. ಅದೇ ಅಂಕಿ. ಕೊನೆಗೆ ಹುರುಪು ತುಂಬುವುದೊಂದೇ ಉಳಿದಿತ್ತು.

"ಆಯಿ, ಬಿಪಿ ಇಳೀತಂದ್ರ ಗುಳಿಗಿ ಕಡಿಮಿ ಮಾಡ್ತೀವಿ ನೋಡ. ಮನಸ್ಸು ಮಾಡು" ಎನ್ನುತ್ತಿದ್ದೆ.

"ಹೌದೇನವ್ವಾ?" ಎಂದು ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ಎಷ್ಟು ಭಕ್ತಿಯಿಂದ ಕೇಳುತ್ತಾಳಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ.

ಹೀಗಿರುವಾಗ ಮೇಲಿನವರಿಂದ ಒಂದು ಹೊಸ ಕೆಲಸ ಬಂತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕೂ ಕಡೆಯ ಬಿಪಿ ಪಟ್ಟಿಗಳನ್ನು ಕಂಪ್ಯೂಟರಿನಲ್ಲಿ ಒಂದುಗೂಡಿಸಿ, ಎರಡೆರಡು ಸಲ ಬಂದ ಹೆಸರುಗಳನ್ನು ತೆಗೆದುಹಾಕಬೇಕು. ತಿಂಗಳ ಕೊನೆಯೊಳಗೆ ಮುಗಿಯಬೇಕು. ರಿಜಿಸ್ಟರ್ ಹುಚ್ಚಿ ಎಂದು ಹೆಸರಾಗಿದ್ದ ನನ್ನ ಕೊರಳಿಗೇ ಅದು ಬಿತ್ತು. ಒಂದೇ ಹೆಸರಿನವರು ಊರಿಗೆ ಹತ್ತು ಜನ ಇರುತ್ತಾರಾದ್ದರಿಂದ ನಾನು ಹೆಸರಿನ ಬದಲು ಫೋನ್ ನಂಬರ್ ಹಿಡಿದು ಜೋಡಿಸಿದೆ. ಬೀಳಗಿ ನನ್ನ ತವರು. ಅಲ್ಲಿನ ಪಟ್ಟಿ ಸ್ವಚ್ಛವಾಗಿ ಹೊರಬಿದ್ದಾಗ ಬೀಗಿದೆ. ಆಮೇಲೆ ಒಂದು ನಂಬರ್ ಮೂರು ಕಡೆ ಕಾಣಿಸಿಕೊಂಡಿತು. ನಮ್ಮಲ್ಲಿ ಒಂದು, ಜಮಖಂಡಿಯಲ್ಲಿ ಒಂದು, ಮುಧೋಳದಲ್ಲಿ ಒಂದು. ಹೆಸರೂ ಅದೇ, ವಯಸ್ಸೂ ಅದೇ. ಮೂರೂ ಕಡೆ ಒಂದು ತಿಂಗಳೂ ತಪ್ಪಿಲ್ಲ, ಮೂರೂ ಕಡೆ ಬಿಪಿ ಇಳಿದಿಲ್ಲ.

ನಮ್ಮ ಆಯಿ!

ಮೈಯೆಲ್ಲ ಉರಿದುಹೋಯಿತು. ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲದಿರುವುದರಿಂದ ಮೂರೂರು ಸುತ್ತಿ ಗುಳಿಗೆ ಒಟ್ಟು ಮಾಡಿ ಎಲ್ಲೋ ಮಾರುತ್ತಾಳೆ ಎಂದು ನಾನು ನಿಂತ ನಿಲುವಿನಲ್ಲೇ ತೀರ್ಮಾನಿಸಿಬಿಟ್ಟೆ. ಮರುವಾರ ಆಕೆ ಬಂದಾಗ ಬೆಂಚಿನ ತುಂಬ ಜನ ಇದ್ದರು. ಅಷ್ಟೂ ಜನರ ಮುಂದೆ ಕೇಳಿದೆ.

"ಆಯಿ, ಗುಳಿಗಿ ಯಾರಿಗೆ ಮಾರಾಕತ್ತೀ?"

ಆಕೆ ಸಿಟ್ಟಾಗಲಿಲ್ಲ, ಅಳಲೂ ಇಲ್ಲ. ಗುಳಿಗೆಯ ಕಾರ್ಡನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದು ನಿಂತಳು. "ಮಾರೂ ಮಂದಿ ಅಲ್ಲವ್ವಾ ನಾವು" ಎಂದಷ್ಟೇ ಹೇಳಿ, ಗುಳಿಗೆ ತೆಗೆದುಕೊಳ್ಳದೆ ಹೊರಟುಹೋದಳು. ನಾನು ಕೆಂಪು ಪೆನ್ನು ಹುಡುಕಿದೆ.

ಒಂದು ವಾರವಾದರೂ ಆಕೆ ತಿರುಗಿ ಬರಲಿಲ್ಲ. ಜಮಖಂಡಿ, ಮುಧೋಳದ ನರ್ಸುಗಳಿಗೆ ಫೋನ್ ಮಾಡಿದೆ. ಅಲ್ಲಿಗೂ ಹೋಗಿರಲಿಲ್ಲ. ಡಾಕ್ಟರ್ ಮೇಡಂಗೆ ಹೇಳಿದಾಗ ಅವರು ಪಟ್ಟಿಯನ್ನು ಎರಡು ಸಲ ನೋಡಿ, "ಮಾರುವವರು ಬಿಪಿ ಏರಿಸಿಕೊಂಡು ಯಾಕೆ ಬರ್ತಾರೆ? ತಮ್ಮ ಪಾಲು ತಿಂದು ಉಳಿದದ್ದು ಮಾರಬಹುದಿತ್ತಲ್ಲ" ಎಂದರು. ನನ್ನ ತಲೆಗೆ ಅದು ಹೊಳೆದೇ ಇರಲಿಲ್ಲ. ಆ ಓಣಿಯ ಆಶಾ ಕಾರ್ಯಕರ್ತೆಯನ್ನು ಕೇಳಿದೆ.

"ಅಕ್ಕಾರ, ಮಧ್ಯಾಹ್ನ ಹೋದ್ರ ಏನೂ ತಿಳಿಯೂದಿಲ್ಲ. ಮುಂಜಾನೆ ಮಗ್ಗ ಚಾಲೂ ಆಗೂ ಹೊತ್ತಿಗೆ ಬರ್ರಿ. ನೀವ ನೋಡ್ರಿ" ಎಂದಳು ಆಕೆ. ಅದಕ್ಕಿಂತ ಹೆಚ್ಚು ಬಾಯಿ ಬಿಡಲಿಲ್ಲ.

ಮರುದಿನ ಆರೂವರೆಗೆ ಬಿಪಿ ಯಂತ್ರದ ಚೀಲ ಹೆಗಲಿಗೆ ಹಾಕಿಕೊಂಡು ಆ ಓಣಿಗೆ ಹೋದೆ. ಮನೆಯ ಹಿಂದಿನ ಉದ್ದನೆಯ ಕೋಣೆಯಲ್ಲಿ ಮೂರು ಪಾವರ್‌ಲೂಮುಗಳು. ದೊಡ್ಡ ಮಗನದು ಒಂದು, ಅವನ ಹೆಂಡತಿಯದು ಒಂದು, ಸಣ್ಣ ಮಗನದು ಒಂದು. ಬಾಗಿಲ ಬಳಿ ಆಯಿ ಕೂತಿದ್ದಳು. ಲಾಳಿಯೊಳಗೆ ಕೂರಿಸುವ ನೂಲಿನ ಕಂಡಿಕೆಗಳನ್ನು ಸುತ್ತುವುದು ಆಕೆಯ ಕೆಲಸ. ಪಕ್ಕದಲ್ಲಿ ಮೂರು ಬುಟ್ಟಿ, ಮೂರರಲ್ಲೂ ಸುತ್ತಿದ ಕಂಡಿಕೆಗಳು ತುಂಬಿದ್ದವು. ಪ್ರತಿ ಬುಟ್ಟಿಯ ಮೇಲೆ ಒಂದು ಸಣ್ಣ ಬಟ್ಟಲು, ಬಟ್ಟಲಲ್ಲಿ ಗುಳಿಗೆ. ಬುಟ್ಟಿ ಒಯ್ಯಲು ಬಂದವರು ಆಕೆಯ ಎದುರೇ ಗುಳಿಗೆ ಬಾಯಿಗೆ ಹಾಕಿಕೊಂಡು ತಂಬಿಗೆಯ ನೀರು ಕುಡಿಯಬೇಕು. ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಬೇಕು. ಆಮೇಲೆಯೇ ಆಕೆ ಬುಟ್ಟಿಯ ಮೇಲಿನ ಕೈ ತೆಗೆಯುತ್ತಿದ್ದಳು.

ನಲವತ್ತೈದು ದಾಟಿದ, ಮೀಸೆ ಹೊತ್ತ ದೊಡ್ಡ ಮಗ ನಾನು ನಿಂತಿದ್ದನ್ನು ನೋಡದೆ ನಾಲಿಗೆ ಚಾಚಿ ನಿಂತ. ಕಂಡಿಕೆ ಇಲ್ಲದೆ ಮಗ್ಗ ನಡೆಯುವುದಿಲ್ಲ, ಮಗ್ಗ ನಡೆಯದೆ ಮನೆ ನಡೆಯುವುದಿಲ್ಲ. ಅಂದಮೇಲೆ ಆ ಮನೆಯಲ್ಲಿ ಗುಳಿಗೆ ತಪ್ಪಿಸುವ ಮಾತೆಲ್ಲಿ! ನಾನು ಇಷ್ಟು ವರ್ಷ ಫೋನಿನಲ್ಲಿ ಬೈದು, ಗೋಡೆಗೆ ಚಿತ್ರ ಅಂಟಿಸಿ, ಕೈಮುಗಿದು ಮಾಡಿಸಲಾಗದ್ದನ್ನು ಅಕ್ಷರ ಬಾರದ ಈ ಹೆಂಗಸು ಬುಟ್ಟಿಯ ಮೇಲೊಂದು ಕೈಯಿಟ್ಟು ಮಾಡಿಸುತ್ತಿದ್ದಳು. ನನಗೆ ನಾಚಿಕೆಯೂ ಆಯಿತು, ಕುಣಿಯಬೇಕೆನಿಸುವಷ್ಟು ಖುಷಿಯೂ ಆಯಿತು.

"ಬಾರವ್ವಾ" ಎಂದಳು ಆಯಿ, ಏನೂ ಆಗಿಲ್ಲವೆಂಬಂತೆ. "ಯಾರಿಗೆ ಮಾರ್ತೀನಿ ಅಂತ ನೋಡಾಕ ಬಂದೀಯಲ್ಲ, ನೋಡ. ಕೂಡ್ರು, ಚಹಾ ಕುಡಿ."

ಚಹಾ ಬರುವುದರೊಳಗೆ ಮೂವರ ಬಿಪಿ ನೋಡಿದೆ. ದೊಡ್ಡವನದು ನೂರಾ ಮೂವತ್ತೆರಡು, ಸೊಸೆಯದು ನೂರಾ ಇಪ್ಪತ್ತಾರು, ಸಣ್ಣವನದು ನೂರಾ ಮೂವತ್ತು. ಕೆಳಗಿನ ಅಂಕಿಗಳೂ ಚೊಕ್ಕ. ನಮ್ಮ ರಿಜಿಸ್ಟರಿನ ಯಾವ ಮನೆಯಲ್ಲೂ ಮೂವರು ಹೀಗಿರಲಿಲ್ಲ, ಮತ್ತು ಈ ಮೂವರ ಹೆಸರು ಯಾವ ರಿಜಿಸ್ಟರಿನಲ್ಲೂ ಇರಲಿಲ್ಲ.

ವಿಷಯ ಬಿಚ್ಚಿಕೊಂಡಿತು. ಹಿಂದೆ ಓಣಿಯಲ್ಲಿ ನಡೆದ ಒಂದು ತಪಾಸಣೆಯಲ್ಲಿ ನಾಲ್ವರಿಗೂ ಬಿಪಿ ಎಂದು ಗೊತ್ತಾಗಿತ್ತು. ಬನಹಟ್ಟಿಯ ಗುಳಿಗೆ ದೊಡ್ಡವನಿಗೆ, ಜಮಖಂಡಿಯದು ಸೊಸೆಗೆ, ಮುಧೋಳದ್ದು ಸಣ್ಣವನಿಗೆ. ತಿಂಗಳಿಗೊಮ್ಮೆ ಮೂಲೆಯ ಔಷಧ ಅಂಗಡಿಗೆ ಮೂವರನ್ನೂ ಕರೆದೊಯ್ದು ಬಿಪಿ ನೋಡಿಸುತ್ತಿದ್ದಳು. ನಾವು ಆಯಿಗೆಂದು ಕೊಟ್ಟ ಎರಡನೆಯ ಗುಳಿಗೆಯನ್ನು ದೊಡ್ಡವನಿಗೆ ಮಾತ್ರ ಹಾಕಿದ್ದಳು, ಯಾಕೆಂದರೆ ಅವನ ಅಂಕಿ ಒಂದೇ ಗುಳಿಗೆಯಲ್ಲಿ ಇಳಿದಿರಲಿಲ್ಲ. ಡಾಕ್ಟರ್ ಮೇಡಂ ನೋಡಿದ್ದರೂ ಅದನ್ನೇ ಮಾಡುತ್ತಿದ್ದರು. ಕಳೆದ ವಾರ ನಮ್ಮಲ್ಲಿಂದ ಬರಿಗೈಯಲ್ಲಿ ಬಂದ ಮೇಲೆ, ಕೂಡಿಟ್ಟ ಗುಳಿಗೆಯ ಪಟ್ಟಿಗಳನ್ನು ಒಡೆದು ನಡೆಸಿದ್ದಳು. ಇನ್ನು ನಾಲ್ಕು ದಿನಕ್ಕಾಗುವಷ್ಟಿತ್ತು.

"ಅವರ ಹೆಸರು ಯಾಕ ಬರಸಲಿಲ್ಲ ಆಯಿ?"

ಉತ್ತರ ಕೊಟ್ಟವನು ದೊಡ್ಡ ಮಗ. ಮಗ್ಗ ನಿಲ್ಲಿಸದೆ, ಅದರ ಸದ್ದಿನ ಮೇಲೆ ದನಿ ಎತ್ತಿ ಹೇಳಿದ. "ಆರೋಗ್ಯ ವಿಮಾ ಮಾಡಸಾಕತ್ತೇವಿರಿ ಅಕ್ಕಾರ, ಮೂರೂ ಮಂದಿಗೆ. ಬಿಪಿ ಐತಿ ಅಂತ ಸರಕಾರದ ಬುಕ್ಕಿನ್ಯಾಗ ಹೆಸರು ಬಿತ್ತಂದ್ರ ಪಾಲಿಸಿ ಆಗೂದಿಲ್ಲಂತ. ಪಾಲಿಸಿ ಮಾಡಸಾವ್ರ ಹೇಳ್ಯಾರ."

"ಸರಕಾರದ ವಿಮಾ ಕಾರ್ಡ್ ಐತೆಲ್ಲ?"

"ಐತ್ರಿ. ಅದ್ರ ಮ್ಯಾಲೊಂದು ಇರಲಿ ಅಂತ. ನಮ್ಮಪ್ಪಗ ಲಕ್ವಾ ಹೊಡದಾಗ ಯಾವ ಕಾರ್ಡೂ ಇರಲಿಲ್ಲ. ನಾಲ್ಕು ಮಗ್ಗ ಇದ್ದೂವು, ಒಂದು ಮಾರಿದ್ವಿ. ಅಪ್ಪನೂ ಉಳೀಲಿಲ್ಲ."

ಆಯಿ ನೂಲು ಹಿಡಿದ ಕೈ ನಿಲ್ಲಿಸದೆ ಹೇಳಿದಳು. "ನನಗ ವಯಸ್ಸಾಗೇತಿ, ನಾ ಆ ಪಾಲಿಸಿಗೆ ಬರೂದಿಲ್ಲಂತ. ಅಂದಮ್ಯಾಲ ನನ್ನ ಹೆಸರು ಎಷ್ಟು ಬುಕ್ಕಿನ್ಯಾಗ ಬಿದ್ರ ಯಾರಿಗೆ ಏನು ಲುಕ್ಸಾನು? ಅದಕ್ಕ ಎಲ್ಲಾ ನನ್ನ ಹೆಸರಿಗೇ ತಂದೆ."

ಎಂಥ ಲೆಕ್ಕಾಚಾರ! ಮೆಚ್ಚಬೇಕೋ ಬೈಯಬೇಕೋ ತಿಳಿಯದೆ ಚಹಾ ಕುಡಿದೆ. ಆಗ ಕಣ್ಣು ಬುಟ್ಟಿಗಳ ಮೇಲೆ ಬಿತ್ತು. ಮೂರು ಊರಿನ ಗುಳಿಗೆ, ಮೂರು ಬಟ್ಟಲು, ಮೂರು ಬಾಯಿ.

"ಆಯಿ, ನಿನ್ನ ಗುಳಿಗಿ?"

ಆಕೆ ಮಗನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು. ಮಗ್ಗದ ಸದ್ದಿನಲ್ಲಿ ನಾನು ಬಗ್ಗಿ ಕೇಳಬೇಕಾಯಿತು.

"ನಾ ತಗೊಳ್ಳೂದಿಲ್ಲವ್ವಾ. ತಗೊಂಡೆ ಅಂದ್ರ ಬಿಪಿ ಇಳೀತೈತಿ. ಇಳೀತಂದ್ರ ಗುಳಿಗಿ ಕಡಿಮಿ ಮಾಡ್ತೀನಿ ಅಂತ ನೀನ ಹೇಳಿದೆಲ್ಲ. ಕಡಿಮಿ ಮಾಡಿದ್ರ ಇವರಿಗೆ ಎಲ್ಲಿಂದ ತರಲಿ?"

ಎರಡು ವರ್ಷ ಪ್ರತಿ ತಿಂಗಳೂ ಹುರುಪು ತುಂಬುತ್ತೇನೆಂದುಕೊಂಡು ನಾನು ಈಕೆಗೆ ಹೆದರಿಕೆ ಹಾಕುತ್ತ ಬಂದಿದ್ದೆ. ಆ ಮುಖದಲ್ಲಿ ನಾನು ಕಂಡದ್ದು ಭಕ್ತಿಯಲ್ಲ. ಮಕ್ಕಳ ಗುಳಿಗೆ ತಪ್ಪಬಾರದೆಂದು ಆಕೆ ತನ್ನ ಬಿಪಿಯನ್ನು ಬೇಕೆಂದೇ ಏರಿದಲ್ಲೇ ಇಟ್ಟುಕೊಂಡಿದ್ದಳು. ತೋಳಿಗೆ ಪಟ್ಟಿ ಕಟ್ಟಿದೆ. ನೂರಾ ತೊಂಬತ್ತಾರು, ಕೆಳಗೆ ನೂರಾ ಹತ್ತು.

ಆ ಅಂಕಿಯಲ್ಲಿ ಆಕೆಯನ್ನು ಬಿಟ್ಟು ಹೋಗುವಂತಿರಲಿಲ್ಲ. ಡಾಕ್ಟರ್ ಮೇಡಂಗೆ ಫೋನ್ ಮಾಡಿದೆ. ತಲೆನೋವು, ಎದೆನೋವು, ಕೈಕಾಲಿನ ಶಕ್ತಿ, ಮಾತು, ಕಣ್ಣು, ಒಂದೊಂದನ್ನೇ ಅವರು ಕೇಳಿದರು, ನಾನು ನೋಡಿ ಹೇಳಿದೆ. ಏನೂ ಇರಲಿಲ್ಲ. ಅವರು ಒಂದು ಮಾತು ಒತ್ತಿ ಹೇಳಿದರು. ಕಾರ್ಡಿನಲ್ಲಿ ಬರೆದ ಎರಡೂ ಗುಳಿಗೆ ಒಮ್ಮೆಲೇ ಕೊಡಬೇಡಿ. ಈಕೆ ಯಾವತ್ತೂ ತೆಗೆದುಕೊಂಡಿಲ್ಲ, ಈ ವಯಸ್ಸಿನಲ್ಲಿ ಒಮ್ಮೆಲೇ ಇಳಿದರೆ ಬಿದ್ದಾಳು. ಒಂದೇ ಗುಳಿಗೆ, ಇವತ್ತಿನಿಂದಲೇ.

ಚೀಲದಲ್ಲಿದ್ದ ಗುಳಿಗೆ ತೆಗೆದು ಮುಂದೆ ಹಿಡಿದೆ. ಆಯಿ ಬಾಯಿ ಬಿಗಿದು ತಲೆ ಆಡಿಸಿದಳು.

"ಮೊದಲ ಇವರಿಗೆ ಗುಳಿಗಿ ಖಾತ್ರಿ ಆಗ್ಲಿ. ಆಮ್ಯಾಲೆ ನಾ."

"ಅವರ ಹೆಸರು ಬರಸಿದ್ರ ಖಾತ್ರಿ ಆತು ಆಯಿ."

"ಹೆಸರು ಬರಸಿದ್ರ ಪಾಲಿಸಿ ಹೋತು."

ಗೋಡೆಗೆ ಬಡಿದು ಬಡಿದು ಹಿಂದೆ ಬಂದಂತಾಯಿತು. ಆ ಪಾಲಿಸಿಯ ಅರ್ಜಿ ಎಲ್ಲಿದೆ ತೋರಿಸಿ ಎಂದೆ. ಸೊಸೆ ಒಳಗಿನಿಂದ ತಂದುಕೊಟ್ಟಳು, ಮೂವರಿಗೂ ಸೇರಿ ಒಂದೇ. ಕೊನೆಯ ಪುಟದಲ್ಲಿ ದೊಡ್ಡವನ ಸಹಿ ಬಿದ್ದಿತ್ತು, ಉಳಿದದ್ದೆಲ್ಲ ಖಾಲಿ. ಸಹಿ ಮಾಡಿಡಿ, ನಾನು ತುಂಬಿಕೊಳ್ಳುತ್ತೇನೆ ಎಂದು ಪಾಲಿಸಿ ಮಾಡಿಸುವವರು ಹೇಳಿಹೋಗಿದ್ದರಂತೆ.

ಆ ಖಾಲಿ ಹಾಳೆ ನೋಡಿದಾಗ ನನಗೆ ಹಳೆಯದೊಂದು ನೆನಪಾಯಿತು. ಈ ಕೆಲಸಕ್ಕೆ ಬರುವ ಮುಂಚೆ ದೂರದೂರಿನ ಒಂದು ಖಾಸಗಿ ಆಸ್ಪತ್ರೆಯ ವಾರ್ಡಿನಲ್ಲಿದ್ದೆ. ನಮ್ಮ ಕಡೆಯವನೇ, ಸಮೀರವಾಡಿಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಡ್ರೈವರ್ ಒಬ್ಬ ಎದೆನೋವೆಂದು ಬಂದು ಸೇರಿದ. ಮೊದಲಿನಿಂದ ಏನು ಕಾಯಿಲೆ ಇದೆ ಎಂದು ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಹೆಂಡತಿ ನಿಜ ಹೇಳಿದಳು, ಐದು ವರ್ಷದಿಂದ ಬಿಪಿ ಗುಳಿಗೆ ನುಂಗುತ್ತಾನೆ ಎಂದಳು. ಬರೆದೆ. ವಿಮೆಯ ಅರ್ಜಿಯಲ್ಲಿ ಅವನು ಇಲ್ಲ ಎಂದು ಬರೆಸಿದ್ದ. ಕಂಪನಿಯವರು ನನ್ನ ಆ ಸಾಲು ಓದಿ ಕ್ಲೇಮು ತಿರುಗಿಸಿ ಕಳಿಸಿದರು. ನಾನು ಬರೆದದ್ದು ತಪ್ಪಲ್ಲ. ಆದರೂ ಆ ಹೆಂಡತಿಯ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ಇದನ್ನೇ ಆ ಮನೆಯವರಿಗೆ ಹೇಳಿದೆ. ಅರ್ಜಿಯ ಪ್ರಶ್ನೆಯನ್ನು ಗಟ್ಟಿಯಾಗಿ ಓದಿದೆ. ನಿಮಗೆ ಬಿಪಿ ಇದೆಯೇ, ಅದಕ್ಕೆ ಔಷಧ ತೆಗೆದುಕೊಂಡಿದ್ದೀರಾ ಎಂದು ಅವರು ಕೇಳಿದ್ದರು. ಸರಕಾರದ ಪುಸ್ತಕದಲ್ಲಿ ಹೆಸರಿದೆಯೇ ಎಂದು ಎಲ್ಲೂ ಕೇಳಿರಲಿಲ್ಲ. "ಇಲ್ಲ ಅಂತ ಬರದ್ರ ಕಂತು ಕಟ್ಟಿಕೋತ ಹೋಗ್ತೀರಿ, ಬೇಕಾದ ದಿನ ಕೈಗೆ ಸಿಗೂದಿಲ್ಲ. ಹೌದು ಅಂತ ಬರದ್ರ ಆ ಕಾಯಿಲೆಗೆ ಕೆಲವು ವರ್ಷ ಕಾಯ್ರಿ ಅಂತಾರ, ಕಂತು ಒಂದಿಷ್ಟು ಜಾಸ್ತಿ ಕೇಳಬಹುದು, ಬ್ಯಾಡ ಅಂತನೂ ಅನ್ನಬಹುದು. ಆದ್ರ ಕೊಟ್ಟದ್ದು ಖರೆ ಇರ್ತೈತಿ" ಎಂದೆ.

ಸಣ್ಣ ಮಗ ಅಣ್ಣನ ಮುಖ ನೋಡಿದ. ಅಣ್ಣ ಅಲ್ಲಾಡಲಿಲ್ಲ. "ವಿಚಾರ ಮಾಡ್ತೇವ್ರಿ" ಎಂದು ಮಗ್ಗದ ಕಡೆ ತಿರುಗಿದ. ಹಾಗೆಂದರೆ ನಮ್ಮ ಕಡೆ ಬೇಡ ಎಂದೇ ಅರ್ಥ.

ಅಷ್ಟು ಹೊತ್ತು ನಾನೊಂದು ಯೋಚನೆಯಲ್ಲಿದ್ದೆ. ಪಟ್ಟಿಯಿಂದ ಎರಡು ಹೆಸರು ತೆಗೆದರೆ ನನ್ನ ಕೆಲಸ ಮುಗಿಯುತ್ತದೆ, ಇಬ್ಬರ ಗುಳಿಗೆಯೂ ಮುಗಿಯುತ್ತದೆ. ತೆಗೆಯದಿದ್ದರೆ ಮೇಲಿನವರಿಗೆ ಏನು ಹೇಳಲಿ? ಆದರೆ ಆ ಅಂಕಿ ಕಣ್ಣ ಮುಂದೆ ಇತ್ತು. ನಾನು ಮಾಡಿದ ನಿರ್ಧಾರ ಸಣ್ಣದು. ಆಯಿ ದನಿ ತಗ್ಗಿಸಿ ಹೇಳಿದ್ದನ್ನು ನಾನು ದನಿ ಎತ್ತಿ ಹೇಳಿದೆ.

"ನಿಮ್ಮ ಹೆಸರು ನೀವಾಗಿ ಕೊಡೂ ತನಕ ನಾ ಒಂದು ಹೆಸರೂ ತೆಗೆಯೂದಿಲ್ಲ. ಮ್ಯಾಲಿನವರ ಕಡೆ ಬೈಸಿಕೋತೀನಿ. ಆದ್ರ ಒಂದು ಮಾತು ಕೇಳ್ರಿ. ನಿಮ್ಮವ್ವ ಎರಡು ವರ್ಷದಾಗ ಒಂದು ಗುಳಿಗಿನೂ ನುಂಗಿಲ್ಲ."

ದೊಡ್ಡವನ ಕೈ ಮಗ್ಗದ ಹಿಡಿಕೆಯ ಮೇಲೆ ನಿಂತಿತು. "ಏನಂದ್ರಿ?"

"ತನ್ನ ಬಿಪಿ ಇಳಿದ್ರ ನಿಮಗ ಗುಳಿಗಿ ಸಿಗೂದಿಲ್ಲ ಅಂತ. ಈಗ ನೂರಾ ತೊಂಬತ್ತಾರು ಐತಿ. ನಿಮ್ಮಪ್ಪಗ ಲಕ್ವಾ ಹೊಡದಾಗ ಎಷ್ಟಿತ್ತೋ ಯಾರಿಗೆ ಗೊತ್ತು."

ಕೊನೆಯ ಮಾತು ಕಟುವಾಯಿತೆಂದು ಆಡಿದ ಮೇಲೆ ಅನ್ನಿಸಿತು. ಅವನು ಮಗ್ಗ ನಿಲ್ಲಿಸಿದ. ಅದನ್ನು ನೋಡಿ ಹೆಂಡತಿ, ತಮ್ಮ ಕೂಡ ನಿಲ್ಲಿಸಿದರು. ಆ ಕೋಣೆಯ ಮೌನ ನನ್ನ ಕಿವಿಗೆ ಹೊಸದಾಗಿತ್ತು. ಅವನು ಬಂದು ತಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಯವ್ವಾ, ದಿನಾ ನಮ್ಮ ಬಾಯಿ ತೆರಸಿ ನೋಡ್ತಿದ್ದೆಲ್ಲಬೇ. ನಿನ್ನ ಬಾಯಿ ಯಾರು ನೋಡಬೇಕಿತ್ತು?"

"ನಂದೇನೋ, ಆತು ನಂದು" ಎಂದಳು ಆಯಿ.

"ಏನಾತು? ಏನೂ ಆಗಿಲ್ಲ ನಿಂದು." ಸೊಸೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅವನು ಎದ್ದು ಆ ಅರ್ಜಿಯನ್ನು ನನ್ನ ಕೈಗಿಟ್ಟ. "ಅಕ್ಕಾರ, ಹೌದು ಅಂತನ ಬರೀರಿ. ಮೂರೂ ಮಂದಿದು. ಕೊಟ್ರ ಕೊಡ್ಲಿ, ಬಿಟ್ರ ಬಿಡ್ಲಿ. ನಿಮ್ಮ ಬುಕ್ಕಿನ್ಯಾಗೂ ಬರಕೋರಿ. ಈಗ ಬರೀರಿ, ಆಕಿ ನೋಡ್ಲಿ."

ಅಲ್ಲೇ ನೆಲದ ಮೇಲೆ ಕೂತು ಮೂರು ಹೊಸ ಕಾರ್ಡು ಬರೆದೆ. ಆಯಿ ಓದಲು ಬಾರದಿದ್ದರೂ ಒಂದೊಂದನ್ನೂ ಇಸಕೊಂಡು ತಿರುಗಿಸಿ ನೋಡಿದಳು. ಮೂರೂ ಆದಮೇಲೆ ತಾನಾಗಿ ಕೈ ಚಾಚಿದಳು. ಗುಳಿಗೆ ನುಂಗಿ, ನೀರು ಕುಡಿದು, ಯಾರೂ ಕೇಳದಿದ್ದರೂ ನಾಲಿಗೆ ಎತ್ತಿ ತೋರಿಸಿದಳು. ಅಂದು ಬೆಂಚಿನ ಮುಂದೆ ಆಡಿದ ಮಾತಿಗೆ ತಪ್ಪಾಯ್ತು ಆಯಿ ಎಂದೆ. "ಹೋಗಲಿ ಬಿಡ, ನೀನೂ ಬುಕ್ಕ ಕಾಯೂ ಮನುಷ್ಯಾಳು" ಎಂದಳು.

ಮುಂದಿನದು ತಾಳ್ಮೆಯ ಕೆಲಸ. ಆಯಿಯ ಕೈಗೆ ತಿಂಗಳ ಗುಳಿಗೆ ಕೊಡಬಾರದೆಂದು ಡಾಕ್ಟರ್ ಮೇಡಂ ಹೇಳಿದ್ದರಿಂದ ಆಶಾ ಕಾರ್ಯಕರ್ತೆ ದಿನಕ್ಕೊಂದು ಗುಳಿಗೆ ಒಯ್ದು ಎದುರಿಗೇ ನುಂಗಿಸಿದಳು. ಮೂರು ದಿನಕ್ಕೊಮ್ಮೆ ಕೂತಾಗೊಮ್ಮೆ, ಎದ್ದು ನಿಂತಾಗೊಮ್ಮೆ ಬಿಪಿ ನೋಡಿದೆವು. ನೂರಾ ಎಂಬತ್ತೆರಡು, ನೂರಾ ಎಪ್ಪತ್ತು, ನಡುವೆ ಒಂದು ಸಲ ಮತ್ತೆ ಏರಿ ನಮ್ಮನ್ನು ಹೆದರಿಸಿತು. ಕಾಲು ಸ್ವಲ್ಪ ಬಾತವು. ಮೇಡಂ ಗುಳಿಗೆಯ ಪ್ರಮಾಣ ಇಳಿಸಿ, ಬೇರೊಂದನ್ನು ಸಣ್ಣದಾಗಿ ಸೇರಿಸಿದರು. ಜಮಖಂಡಿ, ಮುಧೋಳದ ಆಯಿಯ ಹೆಸರುಗಳನ್ನು ತೆಗೆದೆ. ಅಷ್ಟರಲ್ಲಿ ತಿಂಗಳ ಕೊನೆ ದಾಟಿಹೋಗಿತ್ತು, ತಡವಾಯಿತೆಂದು ನನಗೆ ಒಂದು ಬೈಗುಳವೂ ಸಿಕ್ಕಿತು. ವಿಮೆಯವರು ಮೂವರನ್ನೂ ಸೇರಿಸಿಕೊಳ್ಳಲು ಒಪ್ಪಿದರು, ಬಿಪಿಯಿಂದ ಬರುವ ಕಾಯಿಲೆಗಳಿಗೆ ಕೆಲವು ವರ್ಷ ಕಾಯಬೇಕೆಂಬ ಷರತ್ತು ಹಾಕಿದರು. ಸಿಹಿಸುದ್ದಿ ಎನ್ನುವಂತಿರಲಿಲ್ಲ, ಆದರೆ ಯಾರಿಗೂ ಮುಚ್ಚಿಡುವುದೇನೂ ಉಳಿದಿರಲಿಲ್ಲ.

ಎರಡು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಆಯಿ ಕೇಂದ್ರಕ್ಕೆ ಬಂದಳು. ದೊಡ್ಡ ಮಗ ಬೈಕಿನ ಮೇಲೆ ತಂದು ಬಿಟ್ಟು ಹೊರಗೆ ನಿಂತಿದ್ದ. ನೂರಾ ನಲವತ್ತು, ಕೆಳಗೆ ಎಂಬತ್ತಾರು. ನಾನು ಎರಡು ಸಲ ನೋಡಿದೆ. ಡಾಕ್ಟರ್ ಮೇಡಂ ಕುರ್ಚಿಯಿಂದೆದ್ದು ಬಂದು ತಾವೇ ಒಮ್ಮೆ ನೋಡಿದರು. ಇನ್ನು ಈಕೆಯ ಕೈಗೇ ತಿಂಗಳ ಗುಳಿಗೆ ಕೊಡಬಹುದು ಎಂದರು.

ಗುಳಿಗೆಯ ಪಟ್ಟಿಗಳನ್ನು ಎಣಿಸಿ ಆಯಿಯ ಬೊಗಸೆಗೆ ಹಾಕಿದೆ. ಆಕೆ ಅವುಗಳನ್ನು ತೊಡೆಯ ಮೇಲೆ ಹರವಿಕೊಂಡು, ರೂಢಿಯಂತೆ ಪಾಲು ಮಾಡತೊಡಗಿದಳು. ಇದು ಒಂದು ಕಡೆ, ಇದು ಒಂದು ಕಡೆ. ಆಮೇಲೆ ಕೈ ನಿಂತಿತು. ಪಾಲಿಗೆ ಯಾರೂ ಇಲ್ಲವೆಂದು ಆಕೆಗೆ ಆಗ ನೆನಪಾಗಿರಬೇಕು. ತಲೆ ಎತ್ತಿ ನನ್ನನ್ನು ನೋಡಿದಳು.

"ಇಷ್ಟೂ ನನಗೊಬ್ಬಾಕಿಗೇನವ್ವಾ?" ಎಂದಳು.